ರಾತ್ರಿ ದಾಟಿಸಿದ ನದಿ

ಯೂರೋಪಿನ ನದಿಗಳಲ್ಲಿ ಓಡಾಡುವ ಪ್ರವಾಸಿ ಹಡಗುಗಳಲ್ಲಿ ಪ್ರತಿ ಸಂಜೆ ಕೋಣೆಯ ಹಾಸಿಗೆಯ ಮೇಲೆ ಮರುದಿನದ ಕಾರ್ಯಕ್ರಮದ ಹಾಳೆಯೊಂದನ್ನು ಇಟ್ಟು ಹೋಗುತ್ತಾರೆ. ತಿಂಡಿ ಎಷ್ಟು ಹೊತ್ತಿಗೆ, ಬಸ್ಸು ಎಷ್ಟು ಹೊತ್ತಿಗೆ, ನೋಡುವುದು ಯಾವ ಮಠ, ಯಾವ ಅರಮನೆ, ರಾತ್ರಿ ಊಟಕ್ಕೆ ಮೊದಲು ಯಾರ ಪಿಯಾನೋ ಎಂಬುದೆಲ್ಲ ಅದರಲ್ಲಿ ಅಚ್ಚುಕಟ್ಟಾಗಿ ಅಚ್ಚಾಗಿರುತ್ತದೆ. ಡ್ಯಾನ್ಯೂಬ್ ನದಿಯಲ್ಲಿ ಜರ್ಮನಿಯ ಪಾಸೌ ಎಂಬ ಊರಿನಿಂದ ಬುಡಾಪೆಸ್ಟಿಗೆ ಹೊರಟಿದ್ದ ನಮ್ಮ ಹಡಗಿನ ಮೊದಲ ಹಾಳೆಯಲ್ಲಿ, ಸಂಜೆ ಆರರಿಂದ ಮರುದಿನ ಬೆಳಗಿನ ಎಂಟೂವರೆಯವರೆಗಿನ ಹೊತ್ತಿಗೆ ಇದ್ದದ್ದು ಒಂದೇ ಸಾಲು: ಮೆಲ್ಕ್ ಕಡೆಗೆ ಪ್ರಯಾಣ. ಆ ಸಾಲಿನೊಳಗೆ ಸುಮಾರು 190 ಕಿಲೋಮೀಟರ್ ನದಿ ಅಡಗಿತ್ತು. ನದಿಯನ್ನು ನೋಡಲೆಂದೇ ಹಣ ಕೊಟ್ಟು ಬಂದವರಿಗೆ ನದಿಯ ಬಹುಪಾಲನ್ನು ನಿದ್ದೆಯಲ್ಲಿ ದಾಟಿಸಿಬಿಡುತ್ತಾರಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇದರಲ್ಲಿ ಮೋಸವೇನೂ ಇಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಗಲಿನಲ್ಲಿ ಊರು ತೋರಿಸಬೇಕಾದರೆ ಹಡಗು ರಾತ್ರಿಯಲ್ಲಿ ನಡೆಯಲೇಬೇಕು. ಪ್ರಯಾಣಿಕರಲ್ಲಿ ಹೆಚ್ಚಿನವರು ನಮ್ಮಂತೆ ನಿವೃತ್ತರು. ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿಟ್ಟರೆ ಮತ್ತೆ ಕಟ್ಟಬೇಕಾಗಿಲ್ಲ, ಎದ್ದಾಗ ಹೊಸ ಊರೊಂದು ಕಿಟಕಿಯ ಬಳಿ ಬಂದು ನಿಂತಿರುತ್ತದೆ ಎಂಬುದೇ ಈ ಬಗೆಯ ಪ್ರವಾಸದ ದೊಡ್ಡ ಆಕರ್ಷಣೆ. ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಮಗ ನಮಗಾಗಿ ಇದನ್ನು ಆರಿಸಿದ್ದು ಕೂಡ ಅಪ್ಪನ ಮೊಣಕಾಲನ್ನು ನೆನೆದೇ. ಹಾಗಿದ್ದರೂ ಹಗಲಿಗೆ ಯಾವುದು, ರಾತ್ರಿಗೆ ಯಾವುದು ಎಂಬ ಹಂಚಿಕೆಯನ್ನು ನಕ್ಷೆಯೊಂದಿಗೆ ಹೋಲಿಸಿ ನೋಡುತ್ತ ಹೋದಂತೆ, ಅದು ಬರಿಯ ವೇಳಾಪಟ್ಟಿಯಂತೆ ಕಾಣದೆ ಒಂದು ಅಭಿಪ್ರಾಯದಂತೆ ಕಾಣತೊಡಗಿತು.

ಪಾಸೌ, ಮತ್ತು ಊಟದ ನಡುವೆ ಎದ್ದ ಗೋಡೆ

ಪಾಸೌ ಮೂರು ನದಿಗಳ ಊರು. ದಕ್ಷಿಣದ ಆಲ್ಪ್ಸ್ ಪರ್ವತಗಳಿಂದ ಬರುವ ಇನ್ ನದಿ, ಉತ್ತರದ ಕಾಡಿನ ಜೌಗು ನೆಲದಿಂದ ಕಪ್ಪಗೆ ಹರಿದು ಬರುವ ಸಣ್ಣ ಇಲ್ಸ್ ನದಿ, ಪಶ್ಚಿಮದಿಂದ ಬರುವ ಡ್ಯಾನ್ಯೂಬ್, ಈ ಮೂರೂ ಊರಿನ ತುದಿಯಲ್ಲಿ ಸೇರುತ್ತವೆ. ವರ್ಷದ ಸರಾಸರಿಯಲ್ಲಿ ಇನ್ ನದಿ ತರುವ ನೀರೇ ಡ್ಯಾನ್ಯೂಬಿಗಿಂತ ತುಸು ಹೆಚ್ಚಂತೆ. ಆದರೂ ಸಂಗಮದಿಂದ ಮುಂದೆ ಹೆಸರು ಡ್ಯಾನ್ಯೂಬಿನದೇ. ಹಡಗು ಹತ್ತುವ ಮೊದಲು ಸಿಕ್ಕ ಬಿಡುವಿನಲ್ಲಿ ನಾವು ಕಂಡದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಪುರಸಭೆಯ ಗೋಪುರದ ಬುಡದಲ್ಲಿರುವ ಪ್ರವಾಹದ ಗುರುತುಗಳು. ಗೋಡೆಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಇಸವಿ ಬರೆದಿದ್ದಾರೆ. 1954ರ ಗೆರೆಯೇ ನಮ್ಮ ತಲೆಗಿಂತ ಬಹಳ ಮೇಲಿದೆ. 2013ರ ಜೂನಿನಲ್ಲಿ ನೀರು ಅದನ್ನೂ ಮೀರಿ 12.89 ಮೀಟರ್ ಮಟ್ಟಕ್ಕೆ ಏರಿತ್ತು. 1501ರಿಂದ ಈಚೆಗೆ ಅಷ್ಟು ದೊಡ್ಡ ನೆರೆ ಆ ಊರಿಗೆ ಬಂದಿರಲಿಲ್ಲ. ಆ ಗೋಡೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ, ಹೂಕುಂಡಗಳ ನಡುವೆ ಜನ ಕಾಫಿ ಕುಡಿಯುತ್ತ ಕುಳಿತಿದ್ದರು. ಬಿಳಿಯ ಹಡಗುಗಳು ಒಂದರ ಪಕ್ಕದಲ್ಲೊಂದು ಅಂಟಿಕೊಂಡು ನಿಂತಿದ್ದವು. ನಮ್ಮ ಹಡಗನ್ನು ತಲುಪಲು ಬೇರೆ ಕಂಪನಿಯ ಹಡಗೊಂದರ ಹಜಾರದೊಳಗಿಂದ, ಅಲ್ಲಿಯವರ ಕಾಫಿ ಮೇಜುಗಳನ್ನು ಬಳಸಿಕೊಂಡು, ಸಂಕೋಚದಿಂದ ನಡೆದು ಹೋಗಬೇಕಾಯಿತು.

ಯಜಮಾನರು ತಮ್ಮ ಸೇವಾವಧಿಯ ಬಹುಭಾಗವನ್ನು ಶರಾವತಿಯ ವಿದ್ಯುದಾಗಾರದಲ್ಲಿ ಕಳೆದವರು. ಹಡಗಿನ ಉದ್ದ 135 ಮೀಟರ್, ಅಗಲ ಹನ್ನೊಂದೂವರೆಯೊಳಗೆ ಎಂದು ತಿಳಿದ ಕೂಡಲೇ ಅವರಿಗೆ ಹಡಗಿಗಿಂತ ಆ ಅಳತೆಯ ಮೇಲೆ ಆಸಕ್ತಿ ಹುಟ್ಟಿತು. ಇಷ್ಟು ಉದ್ದಕ್ಕೆ ಇಷ್ಟು ಕಡಿಮೆ ಅಗಲ ಏಕೆಂದರೆ, ರೈನ್ ನದಿಯ ಕಡೆಯಿಂದ ಡ್ಯಾನ್ಯೂಬಿಗೆ ಬರುವ ಕಾಲುವೆಯ ಲಾಕ್‌ಗಳ, ಅಂದರೆ ನೀರು ತುಂಬಿಸಿ ಅಥವಾ ಖಾಲಿ ಮಾಡಿ ಹಡಗನ್ನು ಏರಿಸುವ, ಇಳಿಸುವ ಬಾಗಿಲುಳ್ಳ ತೊಟ್ಟಿಗಳ, ಅಗಲ ಕೇವಲ 12 ಮೀಟರ್. 1992ರಲ್ಲಿ ಪೂರ್ಣಗೊಂಡ 171 ಕಿಲೋಮೀಟರ್ ಉದ್ದದ ಆ ಕಾಲುವೆ ಎರಡು ಜಲಾನಯನಗಳನ್ನು ಬೆಸೆದ ಮೇಲೆ, ಎರಡೂ ಕಡೆ ಓಡಾಡಬೇಕಾದ ಹಡಗುಗಳೆಲ್ಲ ಆ ಬಾಗಿಲಿನ ಅಳತೆಗೆ ತಕ್ಕಂತೆ ಸೊರಗಬೇಕಾಯಿತು. ಸುರಕ್ಷತೆಯ ತರಬೇತಿಗಾಗಿ ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಸಾಲಾಗಿ ನಿಂತಿದ್ದಾಗ ಅವರು ನನ್ನ ಕಿವಿಯಲ್ಲಿ ಹೇಳುತ್ತಿದ್ದದ್ದು ಇದನ್ನೇ.

ಹಡಗು ಹೊರಟು ಒಂದು ತಾಸು ಕಳೆದಿರಬೇಕು. ಊಟದ ಕೋಣೆಯಲ್ಲಿ ಸೂಪು ಬಡಿಸುತ್ತಿದ್ದರು. ಸಸ್ಯಾಹಾರಿಗಳು ನಾವಿಬ್ಬರೇ ಎಂದು ತಿಳಿದ ಇಂಡೋನೇಷ್ಯಾದ ಯುವಕನೊಬ್ಬ ಅಂದಿನಿಂದ ಕೊನೆಯವರೆಗೂ ನಮ್ಮ ಹೊಟ್ಟೆಯ ಹೊಣೆಯನ್ನು ತಾನೇ ಹೊತ್ತುಕೊಂಡ. ಊಟದ ಕೋಣೆ ನೀರಿನ ಮಟ್ಟಕ್ಕೆ ಬಹಳ ಹತ್ತಿರವಿದ್ದುದರಿಂದ ಹಂಸಗಳು ನಮ್ಮ ತಟ್ಟೆಯ ಎತ್ತರದಲ್ಲಿಯೇ ತೇಲಿ ಹೋಗುತ್ತಿದ್ದವು. ಇದ್ದಕ್ಕಿದ್ದಂತೆ ಎರಡೂ ಬದಿಯ ಕಿಟಕಿಗಳು ಒಂದೊಂದಾಗಿ ಮಬ್ಬಾದವು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಒಂದು ಬದಿಗೆ ಕಾಂಕ್ರೀಟಿನ ಗೋಡೆ, ಇನ್ನೊಂದು ಬದಿಗೆ ನಮ್ಮಷ್ಟೇ ಉದ್ದದ ಇನ್ನೊಂದು ಹಡಗು; ಅಲ್ಲಿಯೂ ಜನ ಸೂಪು ಕುಡಿಯುತ್ತಿದ್ದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗೋಡೆ ಮೇಲಕ್ಕೆ ಏಳಲು ಶುರುವಾಯಿತು. ಇಳಿಯುತ್ತಿರುವವರು ನಾವೇ ಎಂದು ಬುದ್ಧಿಗೆ ಗೊತ್ತಿದ್ದರೂ ಕಣ್ಣು ಅದನ್ನು ಒಪ್ಪಲಿಲ್ಲ. ಒದ್ದೆಯಾದ, ಪಾಚಿ ಹಿಡಿದ ಗೋಡೆ ಸದ್ದಿಲ್ಲದೆ ಮೇಲೇರುತ್ತ ಹೋಯಿತು. ಮೇಜಿನ ಮೇಲಿನ ನೀರಿನ ಲೋಟ ಕೂಡ ಅಲುಗಲಿಲ್ಲ. “ಯೋಖೆನ್‌ಸ್ಟೈನ್” ಎಂದರು ಯಜಮಾನರು, ಚಮಚ ಕೆಳಗಿಟ್ಟು. “ಹತ್ತು ಮೀಟರ್ ಇಳಿಸ್ತಾನೆ ನೋಡು. ಪಂಪಿಲ್ಲ, ಏನಿಲ್ಲ. ಬರೀ ಬಾಗಿಲು ತೆರೆದು ನೀರು ಬಿಡೋದು, ಅಷ್ಟೇ.”

1950ರ ದಶಕದಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಸೇರಿ ಗಡಿಯ ಮೇಲೆ ಕಟ್ಟಿದ ವಿದ್ಯುದಾಗಾರ ಅದು. ಇಲ್ಲಿಂದ ವಿಯೆನ್ನಾವರೆಗೆ ಇಂಥವು ಒಟ್ಟು ಹತ್ತಿವೆ. ಆಸ್ಟ್ರಿಯಾದೊಳಗೆ ನದಿ ಸುಮಾರು 350 ಕಿಲೋಮೀಟರ್ ಹರಿದು ಇಳಿಯುವುದು 150 ಮೀಟರಿಗೆ ತುಸು ಹೆಚ್ಚು ಅಷ್ಟೇ. ಆ ಇಳಿಜಾರಿನ ಬಹುಪಾಲನ್ನು ಹತ್ತು ಮೆಟ್ಟಿಲುಗಳಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಒಂದು ಕಟ್ಟೆ, ಕಟ್ಟೆಗೊಂದು ವಿದ್ಯುದಾಗಾರ, ಪಕ್ಕದಲ್ಲಿ ಹಡಗುಗಳಿಗೆ ಜೋಡಿ ಲಾಕ್ ಇಟ್ಟಿದ್ದಾರೆ. ಶರಾವತಿಯಲ್ಲಿ ಲಿಂಗನಮಕ್ಕಿಯ ನೀರು ನಾನೂರು ಮೀಟರಿಗೂ ಹೆಚ್ಚು ಆಳಕ್ಕೆ ಕೊಳವೆಗಳಲ್ಲಿ ಧುಮುಕಿ ಪೆಲ್ಟನ್ ಚಕ್ರಗಳಿಗೆ ಬಡಿಯುತ್ತದೆ. ಆ ಒಂದೇ ಕಟ್ಟಡದಲ್ಲಿ 1035 ಮೆಗಾವಾಟ್. ಇಲ್ಲಿ ನೀರು ಬೀಳುವುದೇ ಇಲ್ಲ ಎನ್ನಬಹುದು. ಭಾರಿ ಪ್ರಮಾಣದ ನೀರು ಹತ್ತು ಮೀಟರ್ ಜಾರಿ, ಹಡಗಿನ ಪ್ರೊಪೆಲ್ಲರಿನಂಥ ಕಪ್ಲಾನ್ ಟರ್ಬೈನುಗಳನ್ನು ನಿಧಾನವಾಗಿ ತಿರುಗಿಸಿ, 132 ಮೆಗಾವಾಟ್ ಕೊಟ್ಟು ಮುಂದೆ ಹೋಗುತ್ತದೆ. ಮಳೆಗಾಲದ ನೀರನ್ನು ಬೇಸಗೆಗೆ ಕೂಡಿಡುವ ಯೋಚನೆಯೂ ಇಲ್ಲಿಲ್ಲ. ಬಂದ ನೀರು ಬಂದಷ್ಟೇ ಹೊತ್ತಿಗೆ ಹೊರಡಬೇಕು. ಇಪ್ಪತ್ತು ನಿಮಿಷದ ಮೇಲೆ ಮುಂದಿನ ಬಾಗಿಲು ತೆರೆದು ಬೆಳಕು ಮರಳಿದಾಗ ಮುಖ್ಯ ತಿನಿಸು ಬಂದಿತ್ತು. ನಮ್ಮ ಮೇಜಿನಲ್ಲಿದ್ದ ಇಂಗ್ಲೆಂಡಿನ ದಂಪತಿಗಳು ಕಿಟಕಿಯ ಕಡೆ ಒಮ್ಮೆ ನೋಡಿ, ಹೊರಗಿನ ನೋಟ ಹಾಳಾಯಿತೆಂದು ನಗುತ್ತ ಹೇಳಿದರು. ನನಗೆ ಅದುವರೆಗಿನ ಅತ್ಯುತ್ತಮ ನೋಟ ಅದೇ ಆಗಿತ್ತು.

ರಾತ್ರಿಯ ಪಾಲಿಗೆ ಬಂದದ್ದು

ದಡದಲ್ಲಿ ಅಲ್ಲಲ್ಲಿ ಕಿಲೋಮೀಟರಿನ ಫಲಕಗಳಿವೆ. ಈ ನದಿಯನ್ನು ಉಗಮದಿಂದಲ್ಲ, ಕಪ್ಪು ಸಮುದ್ರದ ದಡದ ಸುಲಿನಾ ಎಂಬಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಪಾಸೌ 2226ನೆಯ ಕಿಲೋಮೀಟರಿನಲ್ಲಿದೆ; ಹಡಗು ಮುಂದೆ ಹೋದಂತೆ ಅಂಕಿ ಇಳಿಯುತ್ತದೆ. ತಲಕಾವೇರಿಯಂಥ ಜಾಗಗಳಿಂದಲೇ ನದಿಯ ಕಥೆ ಆರಂಭಿಸಿ ಅಭ್ಯಾಸವಿರುವ ನಮಗೆ ಇದು ವಿಚಿತ್ರವೆನಿಸುತ್ತದೆ. ಡ್ಯಾನ್ಯೂಬಿನ ಉಗಮ ಯಾವುದೆಂಬ ಬಗ್ಗೆ ಬ್ಲ್ಯಾಕ್ ಫಾರೆಸ್ಟಿನ ಎರಡು ಊರುಗಳ ನಡುವೆ ಹಳೆಯ ಜಗಳವೇ ಇದೆ; ಸಮುದ್ರದ ತುದಿಯ ಬಗ್ಗೆ ಅಂಥ ತಕರಾರಿಲ್ಲದಿರುವುದರಿಂದ ನಾವಿಕರಿಗೆ ಅನುಕೂಲವಾಯಿತೆನ್ನಿ. ಕೋಣೆಯ ಟಿವಿಯಲ್ಲಿ ಹಡಗು ಎಲ್ಲಿದೆ ಎಂದು ತೋರಿಸುವ ನಕ್ಷೆಯೊಂದು ಇತ್ತು. ಮೊದಲ ರಾತ್ರಿ ಅದನ್ನು ಆರಿಸದೆ, ಸದ್ದು ತೆಗೆದು, ಹಾಗೆಯೇ ಬಿಟ್ಟು ಮಲಗಿದೆವು.

ಎಚ್ಚರವಾದದ್ದು ಲಾಕ್ ಒಂದರ ದೀಪಗಳಿಗೆ. ಪರದೆಯ ಸಂದಿಯಿಂದ ಹಳದಿ ಬೆಳಕು ಗೋಡೆಯ ಮೇಲೆ ಮೇಲೇರುತ್ತಿತ್ತು. ಹಡಗು ಹೊರಬಿದ್ದ ಮೇಲೂ ನಿದ್ದೆ ಬರಲಿಲ್ಲ. ಕಿಟಕಿಯ ಬಳಿ ಕುಳಿತೆ. ಕಾರ್ಖಾನೆಗಳ ಊರು ಲಿಂಟ್ಸ್ ಹಿಂದೆ ಉಳಿದಿತ್ತು. ಎಡದಂಡೆಯಲ್ಲಿ ಸಣ್ಣ ಊರೊಂದರ ದೀಪಗಳು, ಚರ್ಚಿನ ಗೋಪುರ, ಒಂದು ಸೇತುವೆ ಕಂಡವು. ಯಾವ ಊರೆಂದು ನೋಡಲು ಟಿವಿಯ ಕಡೆ ತಿರುಗಿದೆ. ನಕ್ಷೆಯಲ್ಲಿ ಉಳಿದೆಲ್ಲ ಹಳ್ಳಿಗಳ ಹೆಸರಿನಷ್ಟೇ ಸಣ್ಣ ಅಕ್ಷರದಲ್ಲಿ ಮೌಟ್‌ಹೌಸೆನ್ ಎಂದು ಬರೆದಿತ್ತು.

ಊರಿನ ಹಿಂದಿನ ಗುಡ್ಡದ ಮೇಲೆ 1938ರಲ್ಲಿ, ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿದ ಕೆಲವೇ ತಿಂಗಳಲ್ಲಿ, ನಾತ್ಸಿಗಳು ಯಾತನಾ ಶಿಬಿರವನ್ನು ತೆರೆದರು. ಆ ಜಾಗವನ್ನು ಆರಿಸಿದ್ದು ಅಲ್ಲಿನ ಗ್ರಾನೈಟ್ ಗಣಿಗಾಗಿ. ಕೈದಿಗಳು ಬೆನ್ನ ಮೇಲೆ ಕಲ್ಲು ಹೊತ್ತು 186 ಮೆಟ್ಟಿಲು ಹತ್ತಬೇಕಾಗಿತ್ತು. 1945ರ ಮೇ ತಿಂಗಳಲ್ಲಿ ಅಮೆರಿಕದ ಸೈನಿಕರು ಬಂದು ಬಿಡಿಸುವವರೆಗೆ ಮೌಟ್‌ಹೌಸೆನ್ ಮತ್ತು ಅದರ ಉಪಶಿಬಿರಗಳಿಗೆ ಸುಮಾರು 1,90,000 ಜನರನ್ನು ತಂದಿದ್ದರು. ಅವರಲ್ಲಿ ಕನಿಷ್ಠ 90,000 ಜನ ಸತ್ತರು. ಇದನ್ನೆಲ್ಲ ನಾನು ಓದಿದ್ದೆ, ಆದರೆ ಅದು ಡ್ಯಾನ್ಯೂಬಿನ ದಡದಲ್ಲಿದೆ, ನಮ್ಮ ಹಾದಿಯಲ್ಲಿದೆ ಎಂಬುದು ತಲೆಯಲ್ಲಿರಲಿಲ್ಲ. ಹಡಗು ವೇಗ ತಗ್ಗಿಸಲಿಲ್ಲ. ತಗ್ಗಿಸಬೇಕಾದ ಕಾರಣವೂ ಇರಲಿಲ್ಲ. ನಕ್ಷೆಯಲ್ಲಿ ಹಡಗಿನ ಗುರುತು ಆ ಹೆಸರನ್ನು ದಾಟಲು ಕೆಲವು ನಿಮಿಷ ಹಿಡಿಯಿತು. ಯಜಮಾನರನ್ನು ಎಬ್ಬಿಸಲೇ ಎಂದು ಯೋಚಿಸಿ, ಎಬ್ಬಿಸಿ ಏನು ತೋರಿಸುವುದು ಎಂದು ಸುಮ್ಮನಾದೆ.

ಹಗಲಿನಲ್ಲಿ ಇಲ್ಲಿ ನಿಲ್ಲಿಸಿದ್ದರೆ ಎಷ್ಟು ಜನ ಇಳಿಯುತ್ತಿದ್ದರು, ರಜೆಗೆಂದು ಬಂದವರ ಮೇಲೆ ಇದನ್ನು ಹೇರುವುದು ಸರಿಯೇ ಎಂಬ ವಾದಗಳು ನನಗೂ ಗೊತ್ತು. ನನ್ನ ತಕರಾರು ಅಷ್ಟು ದೊಡ್ಡದಲ್ಲ. ಮರುದಿನದ ಹಾಳೆಯಲ್ಲಿ, ಏಪ್ರಿಕಾಟಿನ ಜಾಮ್ ಎಲ್ಲಿ ಕೊಳ್ಳಬೇಕೆಂದು ತಿಳಿಸುವ ಸಾಲಿನ ಪಕ್ಕದಲ್ಲಿ, ರಾತ್ರಿ ಇಂಥ ಊರನ್ನು ದಾಟಿದೆವು ಎಂದು ಒಂದು ಸಾಲು ಇರಬಹುದಿತ್ತು ಎಂದಷ್ಟೇ ಹೇಳುತ್ತೇನೆ.

ಅಲ್ಲಿಂದ ಮುಂದೆ, ಬೆಳಕು ಹರಿಯುವ ಹೊತ್ತಿಗೆ, ಗ್ರೈನ್ ಎಂಬ ಊರಿನ ಬಳಿ ನದಿ ಬೆಟ್ಟಗಳ ನಡುವೆ ಕಿರಿದಾಗುತ್ತದೆ. ಒಂದು ಕಾಲಕ್ಕೆ ಇಡೀ ಡ್ಯಾನ್ಯೂಬಿನಲ್ಲಿ ನಾವಿಕರು ಬಹಳ ಹೆದರುತ್ತಿದ್ದ ಜಾಗ ಇದು. ಬಂಡೆಗಳೂ ಸುಳಿಗಳೂ ತುಂಬಿದ್ದವು. ಹದಿನೆಂಟನೆಯ ಶತಮಾನದಲ್ಲಿ, ಆಸ್ಟ್ರಿಯಾವನ್ನು ಆಳಿದ ಮಾರಿಯಾ ತೆರೇಸಾಳ ಕಾಲಕ್ಕೆ, ಬಂಡೆಗಳನ್ನು ಸಿಡಿಸಲು ತೊಡಗಿ, ಮುಂದಿನ ಶತಮಾನದಲ್ಲಿಯೂ ಸಿಡಿಸುತ್ತ ಹೋದರು; ಕೊನೆಗೆ 1959ರಲ್ಲಿ ಮುಗಿದ ಇಬ್ಸ್-ಪೆರ್ಸೆನ್‌ಬ್ಯೂಗ್ ಕಟ್ಟೆಯ ಹಿನ್ನೀರು ಉಳಿದದ್ದನ್ನೆಲ್ಲ ಮುಳುಗಿಸಿತು. ಶತಮಾನಗಳ ಕಾಲ ಜನ ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಿದ್ದ ತಿರುವಿನಲ್ಲಿ ನಮ್ಮ ಹಡಗಿನ ತುಂಬ ಜನ ನೆಮ್ಮದಿಯಿಂದ ಗೊರಕೆ ಹೊಡೆಯುತ್ತಿದ್ದರು. ಕಟ್ಟೆಯ ಉಪಕಾರವೂ ಇದರಲ್ಲಿ ಇದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಗಲಿನ ನದಿ

ಮೆಲ್ಕ್ ಮಠದ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. 1089ರಿಂದ ಬೆನೆಡಿಕ್ಟೈನ್ ಸನ್ಯಾಸಿಗಳು ಇರುವ ಜಾಗ; ಈಗಿನ ಹಳದಿ ಕಟ್ಟಡ 1702ರಲ್ಲಿ ಆರಂಭವಾದದ್ದು, ಯಾಕೋಬ್ ಪ್ರಾಂಡ್ಟೌವರನ ವಿನ್ಯಾಸ. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಮಾರ್ಗದರ್ಶಿಯ ಮಾತು ಕೇಳುತ್ತ, ಬಂಗಾರದ ಬಣ್ಣದಿಂದ ಕಣ್ಣು ದಣಿದು, ಗ್ರಂಥಾಲಯದಲ್ಲಿ ಮಾತ್ರ ಇನ್ನಷ್ಟು ಹೊತ್ತು ನಿಲ್ಲಲು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದುಕೊಂಡು ಹೊರಬಂದೆ.

ಮಧ್ಯಾಹ್ನ ವಾಖೌ ಕಣಿವೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಈ 36 ಕಿಲೋಮೀಟರಿಗೆ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿದೆ. ಎಲ್ಲರನ್ನೂ ಮೇಲಿನ ಅಟ್ಟಕ್ಕೆ ಕರೆದು, ಕುರ್ಚಿ ಹಾಕಿ, ಕೈಗೆ ಪಾನೀಯ ಕೊಟ್ಟು, ಧ್ವನಿವರ್ಧಕದಲ್ಲಿ ವಿವರಣೆ ಶುರುಮಾಡಿದರು. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಕಟ್ಟುಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟಗಳು, ಏಪ್ರಿಕಾಟಿನ ಮರಗಳು. 1908ರಲ್ಲಿ ರೈಲುಹಾದಿ ಹಾಕುವಾಗ ಅಂಗೈಯಗಲದ ಪುರಾತನ ಸ್ತ್ರೀಮೂರ್ತಿ ಸಿಕ್ಕ ವಿಲೆನ್‌ಡೋರ್ಫ್. ಮೂರನೆಯ ಧರ್ಮಯುದ್ಧದಿಂದ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡನನ್ನು 1192ರ ಚಳಿಗಾಲದಲ್ಲಿ ಸೆರೆಯಿಟ್ಟ ಡ್ಯೂರ್ನ್‌ಸ್ಟೈನ್ ಕೋಟೆ. ಚೆಂದವೆಂದರೆ ನಿಜಕ್ಕೂ ಚೆಂದ. ಮೇಜಿನ ಗೆಳೆಯರಿಗೆ ರಿಚರ್ಡನ ಕೋಟೆ ಕಂಡು ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಯಜಮಾನರು ಮಾತ್ರ ದಡ ಬಿಟ್ಟು ನೀರನ್ನೇ ನೋಡುತ್ತಿದ್ದರು. ಹಡಗಿನ ಹಾದಿಯನ್ನು ಗುರುತಿಸಲು ತೇಲಿಬಿಟ್ಟಿರುವ ಕೆಂಪು, ಹಸಿರು ಬುರುಡೆಗಳತ್ತ ಬೆರಳು ತೋರಿಸಿದರು. ನಿನ್ನೆ ಸಂಜೆ ಅವು ನೆಟ್ಟಗೆ ನಿಂತಿದ್ದವು; ಇಲ್ಲಿ ಒಂದೊಂದೂ ಪಕ್ಕಕ್ಕೆ ವಾಲಿಕೊಂಡು, ಹಿಂದೆ ನೊರೆಯ ಗೆರೆ ಎಳೆಯುತ್ತಿದ್ದವು. “ಇದು ಹರಿಯೋ ನೀರು ಕಣೇ. ನಿನ್ನೆಯಿಂದ ನಾವು ಬಂದಿದ್ದು ಹಿನ್ನೀರಿನ ಮೇಲೆ” ಎಂದರು. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ಕಟ್ಟೆಯ ಹಂಗಿಲ್ಲದೆ ಹರಿಯುವುದು ಎರಡೇ ಕಡೆ. ಒಂದು ಈ ವಾಖೌ, ಇನ್ನೊಂದು ವಿಯೆನ್ನಾದಿಂದ ಕೆಳಗೆ. ವಾಖೌದಲ್ಲಿಯೂ ಕಟ್ಟೆಯ ಯೋಜನೆ ಇತ್ತು. 1970ರ ದಶಕದಿಂದ ಸ್ಥಳೀಯರು ಎದುರು ನಿಂತದ್ದರಿಂದ ಅದು ಕೈಬಿಟ್ಟಿತು. ಅಂದರೆ ನಮಗೆ ಹಗಲಿನಲ್ಲಿ, ಕುರ್ಚಿ ಹಾಕಿ ತೋರಿಸಿದ್ದು ಒಂದು ಬಗೆಯ ವಿನಾಯಿತಿಯನ್ನು. ಧ್ವನಿವರ್ಧಕದಲ್ಲಿ ರಿಚರ್ಡನ ಕಥೆ ಸಾವಕಾಶವಾಗಿ ಬಂತು, ಕಟ್ಟೆ ಬೇಡವೆಂದ ಊರಿನವರ ಕಥೆ ಬರಲಿಲ್ಲ. ಎಂಟು ನೂರು ವರ್ಷ ಹಳೆಯದಾದ ಜಗಳ ಪ್ರವಾಸಿಗರಿಗೆ ರುಚಿಸುತ್ತದೆ, ಐವತ್ತು ವರ್ಷದ್ದು ರುಚಿಸುವುದಿಲ್ಲ ಎಂದು ಕಾಣುತ್ತದೆ.

ಸಂಜೆ ಆಲ್ಟೆನ್‌ವೋರ್ಟ್ ಲಾಕ್ ಇಳಿದು ಸ್ವಲ್ಪವೇ ಮುಂದೆ, ಬಲದಂಡೆಯಲ್ಲಿ ಉದ್ದನೆಯ ಚಿಮಣಿಯೊಂದಿಗೆ ದೊಡ್ಡ ಬೂದು ಕಟ್ಟಡವೊಂದು ಕಂಡಿತು. ಟ್ಸ್ವೆಂಟೆನ್‌ಡೋರ್ಫ್ ಅಣುಸ್ಥಾವರ. ಪೂರ್ತಿ ಕಟ್ಟಿ ಮುಗಿಸಿದ ಮೇಲೆ, 1978ರ ನವೆಂಬರಿನಲ್ಲಿ ನಡೆದ ಜನಮತಗಣನೆಯಲ್ಲಿ ಶೇಕಡ 50.5ರಷ್ಟು ಜನ ಬೇಡವೆಂದದ್ದರಿಂದ ಒಂದು ದಿನವೂ ಅದನ್ನು ನಡೆಸಲಿಲ್ಲ. ಅಟ್ಟದ ಮೇಲೆ ಆಗ ನಾಲ್ಕೈದು ಜನರಷ್ಟೇ ಉಳಿದಿದ್ದರು. ಉಳಿದವರು ಊಟಕ್ಕೆ ಬಟ್ಟೆ ಬದಲಿಸಲು ಹೋಗಿದ್ದರು. ಕೈಗಾದಲ್ಲಿ ಸ್ನೇಹಿತರಿದ್ದ ಯಜಮಾನರು ಟೋಪಿ ತೆಗೆದು, ಕಣ್ಣಿಂದ ಮರೆಯಾಗುವವರೆಗೂ ಅದನ್ನೇ ನೋಡಿದರು. ಅವರ ಮನಸ್ಸಿನಲ್ಲಿದ್ದದ್ದು ಕಟ್ಟಿದ ಎಂಜಿನಿಯರುಗಳ ಬಗೆಗಿನ ಮರುಕವೋ, ನಿಲ್ಲಿಸಿದ ಜನರ ಬಗೆಗಿನ ಗೌರವವೋ ನಾನು ಕೇಳಲಿಲ್ಲ.

ವಿಯೆನ್ನಾದಿಂದ ಕೆಳಗೆ

ವಿಯೆನ್ನಾದಲ್ಲಿ ಬಸ್ಸು ಅರಮನೆಗಳ ಕಡೆ ಹೊರಟಿತು. ನಾವು ಬೆಳಗಿನ ಸುತ್ತನ್ನು ಮುಗಿಸಿ, ಮಧ್ಯಾಹ್ನದ ಸುತ್ತನ್ನು ಬಿಟ್ಟು, ಹಡಗು ನಿಂತಿದ್ದ ರೈಖ್ಸ್‌ಬ್ರ್ಯೂಕೆ ಸೇತುವೆಯ ಮೇಲೆಯೇ ನಡೆದು ಡ್ಯಾನ್ಯೂಬ್ ದ್ವೀಪಕ್ಕೆ ಹೋದೆವು. ಇದು 21 ಕಿಲೋಮೀಟರ್ ಉದ್ದದ, ಮನುಷ್ಯರು ಮಾಡಿದ ದ್ವೀಪ. ನೆರೆ ಬಂದಾಗ ಹೆಚ್ಚಿನ ನೀರು ಹೋಗಲೆಂದು 1972ರಿಂದ 1988ರವರೆಗೆ ನದಿಗೆ ಸಮಾನಾಂತರವಾಗಿ ಇನ್ನೊಂದು ಪಾತ್ರ ತೋಡಿ, ತೆಗೆದ ಮಣ್ಣನ್ನು ನಡುವೆ ಗುಡ್ಡೆ ಹಾಕಿದ್ದು ಈಗ ಊರಿನ ಜನರಿಗೆ ಈಜಲು, ಸೈಕಲ್ ಹೊಡೆಯಲು, ಮಾಂಸ ಸುಡಲು ಬೇಕಾದ ಜಾಗವಾಗಿದೆ. ಮರದ ನೆರಳಿನಲ್ಲಿ ಕುಳಿತು, ಹಡಗಿನಿಂದ ತಂದ ಬನ್ನಿಗೆ ಮನೆಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಪಾಸೌ ಗೋಡೆಯ ಗೆರೆಗಳನ್ನು ನೋಡಿ ಬಂದಿದ್ದ ನನಗೆ, ನೆರೆಗೆ ಜಾಗ ಬಿಟ್ಟುಕೊಟ್ಟ ನಗರವನ್ನು ಕಂಡು ಬೆಂಗಳೂರಿನ ರಾಜಕಾಲುವೆಗಳು ನೆನಪಾದವು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಅಲ್ಲಿಯೇ ನಮ್ಮಿಬ್ಬರ ನಡುವೆ ಹೈನ್‌ಬುರ್ಗ್ ಬಗ್ಗೆ ವಾದ ಶುರುವಾಯಿತು. ವಿಯೆನ್ನಾದಿಂದ ಕೆಳಗೆ, ಸ್ಲೊವಾಕಿಯಾದ ಗಡಿಗೆ ಹತ್ತಿರದಲ್ಲಿ ಇನ್ನೊಂದು ಕಟ್ಟೆ ಕಟ್ಟಲು ಹೊರಟಾಗ, 1984ರ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ನದಿಯ ಪಕ್ಕದ ಕಾಡಿನಲ್ಲಿ ಬೀಡುಬಿಟ್ಟರು. ಪೊಲೀಸರು ಲಾಠಿ ಬೀಸಿದ ಮೇಲೆ ವಿರೋಧ ಇನ್ನೂ ಹೆಚ್ಚಿ, ಚಾನ್ಸಲರ್ ಫ್ರೆಡ್ ಸಿನೊವಾಟ್ಸ್ ಕ್ರಿಸ್ಮಸ್ ಹೊತ್ತಿಗೆ ಕೆಲಸ ನಿಲ್ಲಿಸಬೇಕಾಯಿತು. ಆ ಕಟ್ಟೆ ಮತ್ತೆ ಏಳಲಿಲ್ಲ. 1996ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರ ಮಕ್ಕಳಿಗೆ ಪಾಠ ಹೇಳಿದ ನನಗೆ ಇದು ಸರಳವಾದ ಗೆಲುವಿನ ಕಥೆ. ಯಜಮಾನರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಮೇಲಿನ ಕಟ್ಟೆಗಳು ನದಿ ತರುವ ಜಲ್ಲಿಯನ್ನೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ, ಹಸಿದ ನೀರು ವಿಯೆನ್ನಾದಿಂದ ಕೆಳಗೆ ತನ್ನ ತಳವನ್ನೇ ಕೊರೆಯುತ್ತಿದೆ. ವರ್ಷಕ್ಕೆ ಎರಡು ಮೂರು ಸೆಂಟಿಮೀಟರಿನಂತೆ ನದಿ ಕುಸಿದು, ಪಕ್ಕದ ಕಾಡಿನ ಕವಲುಗಳು ಒಣಗುವ ಭಯವಿದೆ. ಅದನ್ನು ತಡೆಯಲು ವರ್ಷವರ್ಷವೂ ದೋಣಿಗಳಲ್ಲಿ ಜಲ್ಲಿ ತಂದು ನದಿಗೆ ಸುರಿಯುತ್ತಾರೆ. “ಬಿಟ್ಟ ನದಿಗೂ ಕೈತುತ್ತು ಹಾಕ್ಬೇಕು” ಎಂದರು. ಹಾಗಾದರೆ ಕಟ್ಟೆ ಕಟ್ಟಬೇಕಿತ್ತೇ ಎಂದು ನಾನು ಕೇಳಿದ್ದಕ್ಕೆ, ಹಾಗೆ ಹೇಳಲಿಲ್ಲವಲ್ಲ ಎಂದರು. ವಾದ ಹಡಗಿಗೆ ಮರಳುವವರೆಗೂ ನಡೆಯಿತು. ಆ ಭಾಗವನ್ನು ಹಡಗು ನಡುರಾತ್ರಿಯ ನಂತರ ದಾಟುತ್ತದೆ ಎಂದು ಹಾಸಿಗೆಯ ಮೇಲಿನ ಹಾಳೆ ತಿಳಿಸಿತು.

ಮುಂದಿನ ಕಟ್ಟೆ ಸ್ಲೊವಾಕಿಯಾದ ಗಾಬ್ಚಿಕೊವೊ. 1977ರಲ್ಲಿ ಹಂಗೇರಿಯೊಂದಿಗೆ ಒಪ್ಪಂದ, 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿದ್ದು, 1992ರಲ್ಲಿ ಇನ್ನೊಂದು ದಡದವರು ನದಿಯನ್ನೇ ಕಾಲುವೆಗೆ ತಿರುಗಿಸಿದ್ದು, ಕೊನೆಗೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1997ರ ತೀರ್ಪು, ಹೀಗೆ ಅದರ ಕಥೆ ಕಾವೇರಿಯ ಸೀಮೆಯವರಿಗೆ ಅಪರಿಚಿತವೆನಿಸುವಂಥದಲ್ಲ. ಆ ತೀರ್ಪಿನ ಜೊತೆ ಶ್ರೀಲಂಕಾದ ನ್ಯಾಯಮೂರ್ತಿ ವೀರಮಂತ್ರಿಯವರು ಬರೆದ ಪ್ರತ್ಯೇಕ ಅಭಿಪ್ರಾಯದಲ್ಲಿ, ಡ್ಯಾನ್ಯೂಬಿನ ಜಗಳಕ್ಕೆ ಉತ್ತರ ಹುಡುಕುತ್ತ ತಮ್ಮ ನಾಡಿನ ಪ್ರಾಚೀನ ಕೆರೆಗಳ ಬಗ್ಗೆ ಪುಟಗಟ್ಟಲೆ ಹೇಳಿದ್ದಾರೆ ಎಂಬುದು ಯಜಮಾನರಿಗೆ ಬಹಳ ಪ್ರಿಯವಾದ ಸಂಗತಿ. ಅಲ್ಲಿ ಹಡಗು ಸುಮಾರು 20 ಮೀಟರ್ ಇಳಿಯುತ್ತದೆ. ಬ್ರಾಟಿಸ್ಲಾವಾದಲ್ಲಿ ಹಡಗು ನಿಂತಿದ್ದಾಗ, ಎಷ್ಟು ಹೊತ್ತಿಗೆ ಆ ಲಾಕ್ ಸಿಗುತ್ತದೆ ಎಂದು ಸ್ವಾಗತದ ಕಟ್ಟೆಯಲ್ಲಿದ್ದ ರುಮೇನಿಯಾದ ಹುಡುಗಿಯನ್ನು ಕೇಳಿದೆವು. ಯಾರೂ ಇದನ್ನು ಕೇಳುವುದಿಲ್ಲ ಎಂದು ನಕ್ಕು, ಚುಕ್ಕಾಣಿಯ ಕೋಣೆಗೆ ಫೋನ್ ಮಾಡಿ, ರಾತ್ರಿ ಹತ್ತರ ಸುಮಾರಿಗೆ, ಆದರೆ ಮುಂದೆ ಸರಕಿನ ದೋಣಿಗಳ ಸಾಲಿದ್ದರೆ ಹನ್ನೊಂದಾದರೂ ಆಗಬಹುದು ಎಂದಳು. ಅದೇ ಹೊತ್ತಿಗೆ ಹಜಾರದಲ್ಲಿ ರಸಪ್ರಶ್ನೆಯ ಸ್ಪರ್ಧೆಯಿತ್ತು. ಇಂಗ್ಲೆಂಡಿನ ದಂಪತಿಗಳು ತಮ್ಮ ತಂಡಕ್ಕೆ ನಮ್ಮನ್ನು ಕರೆದರು, ನಾವು ಹೆಸರು ಕೊಡಲಿಲ್ಲ.